ಚೆಲ್ಲೊಗಾರನ ತೀರ್ಪು, ಕಾಗವಾಡದ ಪೇಟಿ

ಅಮೃತಸರದ ಸ್ವರ್ಣಮಂದಿರದ ಕೀರ್ತನೆಯಿಂದ ಹಾರ್ಮೋನಿಯಮ್ಮನ್ನು ಮೂರು ವರ್ಷಗಳೊಳಗಾಗಿ ಹಿಂದೆಗೆದುಕೊಂಡು, ಹಿಂದಿನ ತಂತೀವಾದ್ಯಗಳನ್ನು ಮರಳಿ ತರಬೇಕೆಂದು 2022ರಲ್ಲಿ ಅಕಾಲ್ ತಖ್ತ್ ಸೂಚಿಸಿದಾಗ, ಹಳೆಯದೊಂದು ವಾದ ಮತ್ತೆ ತಲೆಯೆತ್ತಿತು. ಹಾರ್ಮೋನಿಯಂ ನಮ್ಮದೊ, ಪರಕೀಯರದೊ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಗಳ ವಾಚಕರಿಗೆ ಇದು ಪಂಜಾಬದ ಸುದ್ದಿಯೆಂದು ತೋರಬಹುದು. ಆದರೆ ಈ ವಾದದ ಹಿಂದಿನ ಅಧ್ಯಾಯದಲ್ಲಿ ನಮ್ಮ ಕಾಗವಾಡಕ್ಕೂ ಒಂದು ಪುಟವಿದೆ. ಅದರ ಮೊದಲ ಸಾಲನ್ನು ಬರೆದವನು ಮಾತ್ರ ಮ್ಯಾಂಚೆಸ್ಟರಿನ ಒಬ್ಬ ಚೆಲ್ಲೊ ವಾದಕ.

ಅವನ ಹೆಸರು ಜಾನ್ ಫೌಲ್ಡ್ಸ್. 1880ರಲ್ಲಿ ಹುಟ್ಟಿದ ಈತ 1900ರಲ್ಲಿ ಹ್ಯಾಲೆ ವಾದ್ಯಮೇಳದಲ್ಲಿ ಚೆಲ್ಲೊ ವಾದಕನಾಗಿ ಸೇರಿದ. ಪಿಟೀಲಿನ ಕುಲಕ್ಕೆ ಸೇರಿದ ಚೆಲ್ಲೊ ಮೊಣಕಾಲುಗಳ ನಡುವೆ ನಿಲ್ಲಿಸಿ ಕಮಾನಿನಿಂದ ನುಡಿಸುವ ವಾದ್ಯ. ಅದಕ್ಕೆ ನಾಲ್ಕು ತಂತಿಗಳು, ಮೆಟ್ಟಿಲುಗಳಿಲ್ಲ, ನಾದ ಗಂಭೀರವಾದ ಮನುಷ್ಯಕಂಠಕ್ಕೆ ಸಮೀಪವಾದುದು. ಬೆರಳು ತಂತಿಯ ಮೇಲೆ ಜಾರಿದಂತೆ ಸ್ವರವೂ ಜಾರುತ್ತದೆ. ಈ ವಾದ್ಯದಲ್ಲಿ ಪಳಗಿದ ಫೌಲ್ಡ್ಸ್ ತನ್ನ ಚೆಲ್ಲೊ ಸೊನಾಟದಲ್ಲಿ ಅರ್ಧಸ್ವರಗಳ ನಡುವಣ ಕಾಲುಸ್ವರಗಳನ್ನೂ ಬಳಸಿದ. ಮಹಾಯುದ್ಧದಲ್ಲಿ ಮಡಿದವರ ಸ್ಮರಣೆಗಾಗಿ ಅವನು ರಚಿಸಿದ ಬೃಹತ್ ಕೃತಿ 1923ರಿಂದ 1926ರವರೆಗೆ ಲಂಡನ್ನಿನಲ್ಲಿ ಪ್ರತಿವರ್ಷವೂ ನಡೆಯಿತು. ಆ ಕೀರ್ತಿ ಬಹುಕಾಲ ನಿಲ್ಲಲಿಲ್ಲ. 1935ರಲ್ಲಿ ಅವನು ಭಾರತಕ್ಕೆ ಬಂದು, ದೆಹಲಿಯ ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತ. ನಮ್ಮ ವಾದ್ಯಗಳನ್ನು ಕೂಡಿಸಿ ಒಂದು ಮೇಳವನ್ನು ಕಟ್ಟಲು ಹೆಣಗಿದ. 1939ರಲ್ಲಿ ಕಲ್ಕತ್ತೆಯಲ್ಲಿ ಕಾಲರಾಕ್ಕೆ ತುತ್ತಾದ.

ಸಾಯುವ ಹಿಂದಿನ ವರ್ಷ ಅವನು ಹಾರ್ಮೋನಿಯಮ್ಮನ್ನು ಕಟುವಾಗಿ ಖಂಡಿಸಿ ಲೇಖನವೊಂದನ್ನು ಬರೆದಿದ್ದ. ರವೀಂದ್ರನಾಥ ಠಾಕೂರರಿಗೂ ಈ ವಾದ್ಯದ ಮೇಲೆ ಪ್ರೀತಿಯಿರಲಿಲ್ಲ. 1940ರ ಮಾರ್ಚಿನಲ್ಲಿ ಆಕಾಶವಾಣಿಯು ಹಾರ್ಮೋನಿಯಮ್ಮನ್ನು ತನ್ನ ಕೇಂದ್ರಗಳಿಂದ ಹೊರಗಿಟ್ಟಿತು. ಸ್ವರಾಜ್ಯ ಬಂದರೂ ನಿಷೇಧ ಹೋಗಲಿಲ್ಲ. ಅದು ಸಡಿಲವಾದುದು 1970ರ ಚರ್ಚಾಗೋಷ್ಠಿಯ ಅನಂತರ. ಆಗಲೂ ಮೇಲಿನ ಶ್ರೇಣಿಯ ಗಾಯಕರ ಸಾಥಿಗೆ ಮಾತ್ರ.

ಫೌಲ್ಡ್ಸನ ಪಕ್ಷದಲ್ಲಿ ಸತ್ಯವಿಲ್ಲವೆಂದು ಹೇಳಲಾಗದು. ಹಾರ್ಮೋನಿಯಂ ಸಪ್ತಕವನ್ನು ಹನ್ನೆರಡು ಮನೆಗಳಾಗಿ ಕೊರೆದಿಟ್ಟ ಪೆಟ್ಟಿಗೆ. ಒಂದು ಮನೆಯಿಂದ ಇನ್ನೊಂದಕ್ಕೆ ನೆಗೆಯಬಹುದೇ ಹೊರತು ಜಾರಲಾಗದು. ಮೀಂಡು ಅದಕ್ಕೆ ಒಲಿಯದು. ದರಬಾರಿ ಕಾನಡಾದ ತೂಗುವ ಗಾಂಧಾರ ಅದರ ಯಾವ ಮನೆಯಲ್ಲಿಯೂ ವಾಸಮಾಡುವುದಿಲ್ಲ. ಚೆಲ್ಲೊಗಾರನ ಕಿವಿಗೆ ಇದು ಸಹನೆಯಾಗದಿದ್ದುದು ಸಹಜ. ಅವನು ವಾದ್ಯದ ದೋಷವನ್ನು ಸರಿಯಾಗಿಯೇ ಕಂಡ. ಆದರೆ ವಾದಕನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ವಾದಕನನ್ನು ಕಾಣಬೇಕಾದರೆ ಕಾಗವಾಡಕ್ಕೆ ಬರಬೇಕು. ಪಂಡಿತ ರಾಮಭಾವು ಬಿಜಾಪುರೆಯವರು ಹುಟ್ಟಿದುದು ಅಲ್ಲಿ, 1917ರ ಜನವರಿಯಲ್ಲಿ. ಬೆಳಗಾವಿಯಲ್ಲಿ ನೆಲೆಸಿ, ಅಲ್ಲಿ ಸಂಗೀತಶಾಲೆಯನ್ನು ನಡೆಸಿ, 2010ರಲ್ಲಿ ತೀರಿಕೊಂಡರು. ನಿಷೇಧ ಜಾರಿಗೆ ಬಂದಾಗ ಅವರಿಗೆ ಇಪ್ಪತ್ತಮೂರು ವರ್ಷ. ಸಡಿಲವಾಗುವ ಹೊತ್ತಿಗೆ ಐವತ್ತು ದಾಟಿತ್ತು. ಕಲಾವಿದನ ಕೈ ಅತ್ಯಂತ ಚುರುಕಾಗಿರುವ ಮೂವತ್ತು ವರ್ಷಗಳ ಕಾಲ ದೇಶದ ಅತಿ ದೊಡ್ಡ ವೇದಿಕೆಯ ಬಾಗಿಲು ಅವರ ವಾದ್ಯಕ್ಕೆ ಮುಚ್ಚಿತ್ತು. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾದಾಗ ನಮ್ಮ ಗಾಯಕರ ಕಂಠ ಮನೆಮನೆಗೆ ತಲುಪಿತು. ಪೇಟಿಯ ದನಿ ತಲುಪಲಿಲ್ಲ.

ಆದರೂ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿಯವರಂಥವರ ಬೈಠಕ್ಕುಗಳಲ್ಲಿ ಬಿಜಾಪುರೆಯವರು ಸಾಥಿಗೆ ಕುಳಿತರು. ಅವರು ಗಾಯನವನ್ನೂ ಕಲಿತವರು. ಇದು ಮುಖ್ಯವಾದ ಮಾತು. ಹಾಡಬಲ್ಲವನು ಪೇಟಿಯ ಮುಂದೆ ಕುಳಿತಾಗ, ತನ್ನ ವಾದ್ಯಕ್ಕೆ ಬಾರದ ಸ್ವರ ಯಾವುದೆಂಬುದನ್ನು ಬಲ್ಲ, ಅಲ್ಲಿ ಮೌನವಾಗಿರಬಲ್ಲ. ಗಾಯಕ ಮೀಂಡಿನಲ್ಲಿ ತೇಲುವಾಗ ಕೈ ತಡೆದು, ಅವನು ಉಸಿರೆಳೆದುಕೊಳ್ಳುವಾಗ ಸ್ವರವನ್ನು ಬಾಡದಂತೆ ಹಿಡಿದು, ತಾನಿನ ಬೆನ್ನಿಗೆ ಬೆರಳೋಡಿಸುವುದೇ ಸಾಥಿನ ವಿವೇಕ. ದೋಷವಿರುವ ವಾದ್ಯವನ್ನು ದೋಷ ಕಾಣದಂತೆ ನುಡಿಸುವುದು ಕಲೆಯಲ್ಲವೆ?

ಇನ್ನು ಪರಕೀಯತೆಯ ಮಾತು. ಹಾರ್ಮೋನಿಯಂ ಹುಟ್ಟಿದುದು 1840ರ ಸುಮಾರಿಗೆ ಪ್ಯಾರಿಸಿನಲ್ಲಿ, ದಿಟ. ಆದರೆ ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತುತ್ತ ನುಡಿಸುವ ಪೆಟ್ಟಿಗೆಯಾಗಿ ಅದನ್ನು ಮಾರ್ಪಡಿಸಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷರು. ಪಿಟೀಲೂ ಹೊರಗಿನಿಂದ ಬಂದುದೇ. ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿದಾಗ ಅದನ್ನು ಪರಕೀಯವೆಂದವರಾರು? ನಮ್ಮ ಸೀಮೆಯಲ್ಲಿ ಶ್ರೀಕೃಷ್ಣ ಪಾರಿಜಾತದ ಆಟಕ್ಕೂ, ಭಜನೆಗೂ, ನಾಟಕ ಕಂಪನಿಗೂ ಪೇಟಿ ಬೇಕು. ಬಳಸಿದವರ ಬೆವರು ಹತ್ತಿದ ಮೇಲೆ ವಾದ್ಯಕ್ಕೆ ಊರು ತಾನಾಗಿಯೇ ದೊರೆಯುತ್ತದೆ.

ಕಾಗವಾಡದ ನೆರೆಯ ಮಿರಜದ ಸಿತಾರಕ್ಕೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ವಾದ್ಯ ಮಾಡುವ ಕೈಗಳಿಗೆ ಸಂದ ಈ ಗೌರವ ಸಂತೋಷದ ವಿಷಯ. ಸಾಥಿ ನುಡಿಸುವ ಕೈಗಳಿಗೆ ಮಾತ್ರ ಅಂಥ ಗುರುತಿಲ್ಲ. ಇಂದು ಶ್ರುತಿಯೂ ಠೇಕಾವೂ ಮೊಬೈಲಿನಲ್ಲಿ ಸಿಗುತ್ತಿರುವಾಗ, ಕಲಿಯುವ ಹುಡುಗನಿಗೆ ಪಕ್ಕದಲ್ಲಿ ಕುಳಿತು ಕೇಳುವ ಮನುಷ್ಯನೇ ಬೇಡವಾಗುತ್ತಿದ್ದಾನೆ. ಆಜ್ಞೆಯಿಂದಾಗದ ಹಾನಿ ಅನುಕೂಲದಿಂದ ಆದೀತೆಂಬ ಭಯ ನನ್ನದು. ಯಂತ್ರ ಸ್ವರವನ್ನು ಕೊಡಬಲ್ಲದು. ಗಾಯಕನ ಉಸಿರನ್ನು ಕಾಯಲಾರದು.

ಫೌಲ್ಡ್ಸನ ಕೃತಿಗಳನ್ನು ಮರಣಾನಂತರ ಜಗತ್ತು ದಶಕಗಳ ಕಾಲ ಮರೆಯಿತು. ಈಚಿನ ತಲೆಮಾರು ಮತ್ತೆ ಹುಡುಕಿ ನುಡಿಸುತ್ತಿದೆ. ಕೇಳುವವರಿಲ್ಲದ ಕಲಾವಿದನ ದುಃಖ ಅವನಿಗೂ ತಿಳಿದಿದ್ದಿತು. ಅವನು ಒಂದು ಸಂಜೆ ಬೆಳಗಾವಿಯ ಬೈಠಕ್ಕಿನಲ್ಲಿ ಕುಳಿತು ಕಾಗವಾಡದ ಆ ಬೆರಳುಗಳನ್ನು ಕೇಳಿದ್ದರೆ ತೀರ್ಪನ್ನು ತಿದ್ದುತ್ತಿದ್ದನೊ ಏನೊ. ಅವನಿಗೆ ಆ ಅವಕಾಶ ಸಿಗಲಿಲ್ಲ. ನಮಗೆ ಸಿಕ್ಕಿದೆ, ವಾದ್ಯಕ್ಕೆ ಶಿಕ್ಷೆ ವಿಧಿಸುವ ಮೊದಲು ವಾದಕನನ್ನು ಕೇಳುವುದನ್ನಾದರೂ ನಾವು ಕಲಿಯಬೇಕು.