ಸೀತಾಳೆ ದಂಡೆ ಬಂದಳಿಕೆಯಲ್ಲ

ಮಕ್ಕಳೇ, ಮಳೆಗಾಲ ಶುರುವಾಗುವ ಹೊತ್ತಿಗೆ ಮಲೆನಾಡಿನ ಮರಗಳ ಕೊಂಬೆಯಿಂದ ನರಿಬಾಲದಂತೆ ಇಳಿಬೀಳುವ ಹೂಗೊಂಚಲು ನೋಡಿದ್ದೀರಾ? ಬಿಳಿ ಎಸಳಿನ ಮೇಲೆ ನೇರಳೆ ಚುಕ್ಕಿ. ಅದೇ ಸೀತಾಳೆ ದಂಡೆ. ಅಸ್ಸಾಮಿನ ರಾಜ್ಯಪುಷ್ಪವೂ ಇದೇ. ಅಲ್ಲಿ ಬಿಹು ಕುಣಿಯುವ ಹುಡುಗಿಯರು ಇದನ್ನು ಮುಡಿಯುತ್ತಾರೆ.

ಹೂವಿಲ್ಲದಾಗ ಬಂದಳಿಕೆಯೆಂದು ಇದನ್ನು ಕಡಿದುಹಾಕುವವರಿದ್ದಾರೆ. ಬ್ಯಾಂಕಿನಲ್ಲಿ ಸಹಿ ತಾಳೆ ನೋಡಿದವನು ನಾನು. ಇಲ್ಲೂ ತಾಳೆ ನೋಡಿಯೇ ಕತ್ತಿ ಎತ್ತಿ ಅನ್ನುತ್ತೇನೆ. ಬಂದಳಿಕೆ ಕೊಂಬೆಯೊಳಕ್ಕೆ ಬೇರಿಳಿಸಿ ರಸ ಹೀರುತ್ತದೆ. ಸೀತಾಳೆಯ ಬೇರು ತೊಗಟೆಗೆ ಅಂಟಿಕೊಂಡಿರುತ್ತದೆ, ಅಷ್ಟೇ. ಒಣಗಿದಾಗ ಬೆಳ್ಳಿಬಣ್ಣ, ನೀರು ಚಿಮುಕಿಸಿದರೆ ಹಸಿರು. ಎಲೆ ದಪ್ಪ ಪಟ್ಟಿ. ತುದಿ ಯಾರೋ ಕಚ್ಚಿದಂತೆ. ಮಳೆನೀರು, ತೊಗಟೆಯ ಸಂದಿನ ಎಲೆಗೊಬ್ಬರವೇ ಇದರ ಊಟ.

ತೋಟದಲ್ಲಿ ಗಾಳಿಗೆ ಮುರಿದ ಕೊಂಬೆಯಲ್ಲಿ ಗಿಡ ಸಿಕ್ಕರೆ, ಅಜ್ಜ ಅಜ್ಜಿಯ ಜೊತೆ ಸೇರಿ ಮನೆಯ ಮಾವಿನ ಮರಕ್ಕೆ ತೆಂಗಿನ ನಾರಿನಿಂದ ಕಟ್ಟಿ. ಮಣ್ಣಿನಲ್ಲಿ ನೆಟ್ಟರೆ ಬೇರು ಕೊಳೆಯುತ್ತದೆ. ಎಲೆಗಳ ನಡುವೆ ತೂರಿಬರುವ ಬಿಸಿಲು, ಒಳ್ಳೆಯ ಗಾಳಿ ಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ನೀರು ಚಿಮುಕಿಸಿ.

ಕಾಡಿನಿಂದ ಮಾತ್ರ ಕೀಳಬೇಡಿ. ಧೂಳಿನಂಥ ಇದರ ಬೀಜ ಕಾಡಿನಲ್ಲಿ ಮೊಳೆಯಲು ಶಿಲೀಂಧ್ರದ ನೆರವು ಬೇಕು. ಮೊಳೆತದ್ದು ಹೂಬಿಡಲು ವರ್ಷಗಳೇ ಹಿಡಿಯುತ್ತವೆ. ಕೀಳಲು ಒಂದೇ ನಿಮಿಷ ಸಾಕು.