ಶ್ರವಣ ಯಂತ್ರ ಹಾಕಿದೆಯಲ್ಲ, ಇನ್ನೇನು?

ಬೋಧನಾಭ್ಯಾಸದ ತರಗತಿಯಲ್ಲಿ ಶ್ರವಣ ಯಂತ್ರ ಧರಿಸಿದ ಮಗುವಿದ್ದರೆ, ಪಾಠಯೋಜನೆಯಲ್ಲಿ ‘ವಿಶೇಷ ಅಗತ್ಯವುಳ್ಳ ಮಗು: 1’ ಎಂದು ಬರೆದು ನಾವು ಮುಂದೆ ಹೋಗುತ್ತೇವೆ. ಯಂತ್ರ ಇದೆ, ಮಗುವಿಗೆ ಕೇಳುತ್ತದೆ, ಇನ್ನು ನಾವು ಮಾಡಬೇಕಾದದ್ದೇನೂ ಇಲ್ಲ ಎಂಬ ಸಮಾಧಾನ ಅದರ ಹಿಂದಿದೆ. ಈ ಸಮಾಧಾನ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಯಂತ್ರ ಸದ್ದನ್ನು ಹೆಚ್ಚಿಸುತ್ತದೆ. ಮಾತು ತಿಳಿಯುವುದು ಬಿಡುವುದು ಬಹುಮಟ್ಟಿಗೆ ತರಗತಿಯನ್ನು, ಅಂದರೆ ನಮ್ಮನ್ನು ಅವಲಂಬಿಸಿದೆ.

ಭೌತಶಾಸ್ತ್ರ ಓದಿದವರಿಗೆ ಇದರ ಕಾರಣ ಕಷ್ಟವಲ್ಲ. ಮಾತಿನ ಶಕ್ತಿಯ ಹೆಚ್ಚು ಪಾಲು ಸ್ವರಗಳಲ್ಲಿ, ಕಡಿಮೆ ಆವೃತ್ತಿಗಳಲ್ಲಿ ಇರುತ್ತದೆ. ಸ, ಶ, ತ, ಕ ಮುಂತಾದ ವ್ಯಂಜನಗಳು ದುರ್ಬಲ. ಅವುಗಳ ಗುರುತು ಹೆಚ್ಚಿನ ಆವೃತ್ತಿಗಳಲ್ಲಿದೆ. ಸಾಲು, ಕಾಲು, ಹಾಲು ಎಂದಾಗ ‘ಆಲು’ ಗಟ್ಟಿಯಾಗಿ ಕೇಳುತ್ತದೆ, ಅರ್ಥ ಬದಲಿಸುವ ಮೊದಲ ವ್ಯಂಜನವೇ ಜಾರಿಹೋಗುತ್ತದೆ. ಶ್ರವಣದೋಷದಲ್ಲಿ ಸದ್ದು ಕುಗ್ಗುವುದು ಒಂದು ಭಾಗ, ಕೇಳಿದ್ದೇ ಕಲಸಿಹೋಗುವುದು ಇನ್ನೊಂದು ಭಾಗ ಎಂದು ಡಚ್ ವಿಜ್ಞಾನಿ ರೈನಿಯರ್ ಪ್ಲಾಂಪ್ 1978ರಲ್ಲೇ ವಿವರಿಸಿದರು. ಮೊದಲನೆಯದನ್ನು ಯಂತ್ರ ತುಂಬಿಕೊಡಬಲ್ಲದು, ಎರಡನೆಯದನ್ನು ಅಲ್ಲ.

ಗದ್ದಲ ಸೇರಿದರೆ ಏನಾಗುತ್ತದೆ? ಅದೇ 1978ರಲ್ಲಿ ಅಮೆರಿಕದಲ್ಲಿ ಫಿನಿಟ್ಜೋ-ಹೀಬರ್ ಮತ್ತು ಟಿಲ್‌ಮನ್ ಮಕ್ಕಳಿಗೆ ಬಿಡಿಪದಗಳನ್ನು ಕೇಳಿಸಿ ಪರೀಕ್ಷಿಸಿದರು. ಗದ್ದಲವಾಗಲಿ ಪ್ರತಿಧ್ವನಿಯಾಗಲಿ ಇಲ್ಲದಾಗ, ಯಂತ್ರ ಧರಿಸಿದ ಶ್ರವಣದೋಷವುಳ್ಳ ಮಕ್ಕಳು ಶೇ. 83ರಷ್ಟು ಪದಗಳನ್ನು ಗುರುತಿಸಿದರು. ಗದ್ದಲ ಮಾತಿನಷ್ಟೇ ಜೋರಾಗಿದ್ದು, ಕೋಣೆಯ ಪ್ರತಿಧ್ವನಿ 1.2 ಸೆಕೆಂಡ್ ಉಳಿದಾಗ ಅದು ಸುಮಾರು ಶೇ. 11ಕ್ಕೆ ಇಳಿಯಿತು. ಸಾಮಾನ್ಯ ಶ್ರವಣದ ಮಕ್ಕಳೂ ಶೇ. 95ರಿಂದ ಸುಮಾರು 30ಕ್ಕೆ ಕುಸಿದರು. ಬರಿಗೋಡೆ, ಸಿಮೆಂಟ್ ನೆಲ, ಪಕ್ಕದ ಕೋಣೆಯ ಮಗ್ಗಿ ಪಠಣ ಇರುವ ನಮ್ಮ ತರಗತಿಗಳು ಈ ಎರಡು ಸ್ಥಿತಿಗಳಲ್ಲಿ ಯಾವುದಕ್ಕೆ ಹತ್ತಿರ ಎಂದು ಹೇಳಬೇಕಿಲ್ಲ.

ನಾನು ಪಾಠ ಮಾಡಿದ ಎಂಟನೇ ತರಗತಿಯ ಒಬ್ಬ ಹುಡುಗ ಮಧ್ಯಾಹ್ನದ ಹೊತ್ತಿಗೆ ಯಂತ್ರ ಬಿಚ್ಚಿ ಕಂಪಾಸ್ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಕೇಳಿದ್ದಕ್ಕೆ, “ಟೀಚರ್, ಎಲ್ಲಾ ಜೋರಾಗಿ ಕೇಳುತ್ತೆ, ಮಾತೇ ಗೊತ್ತಾಗಲ್ಲ” ಎಂದ. ಅದನ್ನು ಹಟ ಎಂದು ಬಗೆಯುವುದು ಸುಲಭ. ಆದರೆ ಸಂಶೋಧಕರು ಅಂಕಿಗಳಲ್ಲಿ ಹೇಳಿದ್ದನ್ನೇ ಅವನು ಎರಡು ಮಾತಿನಲ್ಲಿ ಹೇಳಿದ್ದ.

ನಮ್ಮ ತರಬೇತಿ ಇಲ್ಲಿ ಅಡ್ಡ ಬರುತ್ತದೆ ಎಂಬುದು ನನ್ನ ಮುಖ್ಯ ತಕರಾರು. ಸೂಕ್ಷ್ಮಬೋಧನೆಯ ಪ್ರಚೋದನಾ ವೈವಿಧ್ಯ ಕೌಶಲದಲ್ಲಿ ತರಗತಿಯೆಲ್ಲ ಓಡಾಡುತ್ತ ಮಾತಾಡಿದರೆ ಅಂಕ. ತುಟಿಚಲನೆ ನೋಡಿ ಅರ್ಧ ಮಾತನ್ನು ತುಂಬಿಕೊಳ್ಳುವ ಮಗುವಿಗೆ ಆ ಓಡಾಟದಲ್ಲಿ ನಮ್ಮ ಮುಖವೇ ತಪ್ಪಿಹೋಗುತ್ತದೆ. ಕಪ್ಪುಹಲಗೆಗೆ ಮುಖಮಾಡಿ ವಿವರಿಸುವುದೂ ಹಾಗೆಯೇ. ಧ್ವನಿ ಸಾಲದೆಂದು ಕೂಗಿದರೆ ಸ್ವರಗಳು ಇನ್ನಷ್ಟು ಜೋರಾಗುತ್ತವೆ, ವ್ಯಂಜನಗಳು ಹಿಂದೆಯೇ ಉಳಿಯುತ್ತವೆ. ವಿಜ್ಞಾನ ಪಾಠದಲ್ಲಿ ನಷ್ಟ ಇನ್ನೂ ಹೆಚ್ಚು. ‘ಊಟ ಆಯ್ತಾ’ ಎಂಬುದನ್ನು ಅರ್ಧ ಕೇಳಿದರೂ ಊಹಿಸಬಹುದು. ‘ಅಭಿಸರಣ’ ಎಂಬ ಪದವನ್ನು ಮೊದಲ ಬಾರಿ ಕೇಳುವ ಮಗು ಏನೆಂದು ಊಹಿಸೀತು?

ಇದು ವಿಶೇಷ ಶಿಕ್ಷಕರ, ಶ್ರವಣತಜ್ಞರ ಕೆಲಸ ಎನ್ನುವವರಿದ್ದಾರೆ. ಯಂತ್ರವನ್ನು ಹೊಂದಿಸುವುದು ಖಂಡಿತ ಅವರ ಕೆಲಸ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಆ ಪರಿಣತಿ ನಮ್ಮ ರಾಜ್ಯದಲ್ಲೇ ಇದೆ. ಆದರೆ ಅವರು ಹೊಂದಿಸಿ ಕೊಟ್ಟ ಯಂತ್ರದೊಂದಿಗೆ ಮಗು ದಿನದ ಬಹುಪಾಲು ಕಳೆಯುವುದು ನಮ್ಮ ಎದುರಿಗೆ. ಗುಂಪು ಚಟುವಟಿಕೆ ಎಂದರೆ ಗದ್ದಲ ತಾನೇ, ಅದನ್ನು ಬಿಡಬೇಕೇ ಎಂಬ ಪ್ರಶ್ನೆಯೂ ನ್ಯಾಯವಾದದ್ದು. ಬಿಡಬೇಕಿಲ್ಲ, ಆ ಮಗುವಿನ ಗುಂಪನ್ನು ಜಗಲಿಗೋ ಮೂಲೆಗೋ ಕೂರಿಸಬಹುದು, ಸೂಚನೆಗಳನ್ನು ಗದ್ದಲ ಶುರುವಾಗುವ ಮೊದಲೇ ಹಲಗೆಯ ಮೇಲೆ ಬರೆಯಬಹುದು.

ಶಿಕ್ಷಕರ ಮೈಕಿನಿಂದ ನೇರವಾಗಿ ಯಂತ್ರಕ್ಕೆ ಮಾತು ಕಳಿಸುವ ಎಫ್‌ಎಂ ವ್ಯವಸ್ಥೆ ಒಳ್ಳೆಯ ಪರಿಹಾರ. ಅದು ಬರುವವರೆಗೆ ದೂರ ಕಡಿಮೆ ಮಾಡುವುದು ನಮ್ಮ ಕೈಯಲ್ಲೇ ಇದೆ. ದೂರ ಇಮ್ಮಡಿಯಾದಾಗಲೆಲ್ಲ ನೇರವಾಗಿ ತಲುಪುವ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ನಾಲ್ಕು ಮೀಟರ್ ದೂರದ ಮಗುವನ್ನು ಒಂದು ಮೀಟರಿಗೆ ತಂದರೆ 12 ಡೆಸಿಬೆಲ್ ಲಾಭ, ಖರ್ಚಿಲ್ಲದೆ.

ಆದ್ದರಿಂದ ನಮ್ಮ ಉಪನ್ಯಾಸಕರಲ್ಲಿ ಒಂದು ಕೋರಿಕೆ. ಪಾಠ ಅವಲೋಕನ ಪಟ್ಟಿಯಲ್ಲಿ ‘ಧ್ವನಿ ಸ್ಪಷ್ಟತೆ’ ಎಂಬ ಅಂಕಣವಿದೆ. ಅದರ ಕೆಳಗೆ ಮೂರು ಪ್ರಶ್ನೆ ಸೇರಿಸಿ: ಹೊಸ ಪದವನ್ನು ಹೇಳುವಾಗಲೇ ಬರೆದು ತೋರಿಸಿದರೇ? ಮಾತಾಡುವಾಗ ಮುಖ ಮಕ್ಕಳ ಕಡೆಗಿತ್ತೇ? ಹಿಂದಿನ ಬೆಂಚಿನ ಮಗುವಿನ ಉತ್ತರವನ್ನು ಎಲ್ಲರಿಗೂ ಕೇಳುವಂತೆ ಮತ್ತೆ ಹೇಳಿದರೇ? ಸಹಪಾಠಿ ವೀಕ್ಷಕರು ಕೊನೆಯ ಬೆಂಚಿನಲ್ಲಿ ಕುಳಿತು, ತಮಗೆ ಕೇಳಿಸದೆ ಹೋದ ಪದಗಳನ್ನು ಬರೆದುಕೊಳ್ಳಲಿ. ಚೆನ್ನಾಗಿ ಕಿವಿ ಕೇಳುವ ನಮ್ಮ ಪಟ್ಟಿಯೇ ಉದ್ದವಾದರೆ, ಆ ಹುಡುಗನ ಪಟ್ಟಿ ಎಷ್ಟು ಉದ್ದವಿರಬಹುದು ಎಂದು ಲೆಕ್ಕ ಹಾಕಲು ನಮಗೆ ಬರುತ್ತದೆ.