"ಬೋರ್ಡ್ ಹೋಗಿದೆ ಸಾರ್" ಅನ್ನೋ ಮೊದಲು ಒಂದು ಸಲ ಅಳೆದು ನೋಡ್ರಪ್ಪಾ

ಕಂಪ್ಯೂಟರ್ ಆನ್ ಆಗ್ತಿಲ್ಲ ಅಂತ ಅಂಗಡಿಗೆ ಹೊತ್ಕೊಂಡು ಹೋದ್ರೆ ನಮ್ಮ ರಿಪೇರಿಯವರ ಬಾಯಲ್ಲಿ ಬರೋದು ಎರಡೇ ಮಾತು. "ಎಸ್‌ಎಂಪಿಎಸ್ ಹೋಗಿದೆ ಸಾರ್", ಇಲ್ಲಾಂದ್ರೆ "ಬೋರ್ಡ್ ಹೋಗಿದೆ ಸಾರ್". ಹೇಗೆ ಗೊತ್ತಾಯ್ತು ಅಂತ ಕೇಳಿ ನೋಡಿ, ನಿಮ್ಮನ್ನೇ ವಿಚಿತ್ರವಾಗಿ ನೋಡ್ತಾರೆ. ಅಂಗಡಿ ತುಂಬ ಗೇಮಿಂಗ್ ಕೀಬೋರ್ಡು, ಬಣ್ಣಬಣ್ಣದ ಲೈಟಿನ ಫ್ಯಾನು. ಆದರೆ ಮುನ್ನೂರು ರೂಪಾಯಿಯ ಒಂದು ಮಲ್ಟಿಮೀಟರ್ ಇರಲ್ಲ. ಇದ್ದರೂ ಅದರ ಬ್ಯಾಟರಿ ಸತ್ತು ವರ್ಷವಾಗಿರುತ್ತೆ!

ಗೋವಿನಕೋವಿಯಲ್ಲಿ ನಮ್ಮ ಚಿಕ್ಕಪ್ಪಂದು ಒಂದು ಸಣ್ಣ ಜೆರಾಕ್ಸ್ ಅಂಗಡಿ. ಪಹಣಿ ಪ್ರಿಂಟು, ಸ್ಕಾಲರ್‌ಶಿಪ್ ಅರ್ಜಿ, ಹಾಲ್‌ಟಿಕೆಟ್ಟು, ಎಲ್ಲ ಒಂದೇ ಹಳೇ ಡೆಸ್ಕ್‌ಟಾಪಿನ ಮೇಲೆ ನಡೆಯೋದು. ಅದು ನಿಂತರೆ ಅವತ್ತಿನ ದುಡಿಮೆ ನಿಂತ ಹಾಗೆ. ಅದಕ್ಕೊಂದು ಕಾಯಿಲೆ ಶುರುವಾಗಿತ್ತು. ಬೆಳಗ್ಗೆ ಬಟನ್ ಒತ್ತಿದರೆ ಫ್ಯಾನ್ ಒಂದು ಸಲ ಜರ್ಕ್ ಹೊಡೆದು ನಿಲ್ಲೋದು. ಐದಾರು ಸಲ ಒತ್ತಿ, ಕಾದು, ಮತ್ತೆ ಒತ್ತಿದರೆ ಆನ್ ಆಗಿ ಸಂಜೆವರೆಗೂ ತಕರಾರಿಲ್ಲದೆ ಓಡೋದು. ಪೇಟೆಯ ಅಂಗಡಿಯವರು ನೋಡಿ "ಬೋರ್ಡ್ ಹೋಗಿದೆ, ಇದಕ್ಕೆ ಈಗ ಬೋರ್ಡ್ ಸಿಗಲ್ಲ, ಪ್ರೊಸೆಸರ್, ರ್‍ಯಾಮ್ ಎಲ್ಲ ಬದಲಾಯಿಸಬೇಕು" ಅಂದರು. ಹನ್ನೊಂದು ಸಾವಿರ! ಚಿಕ್ಕಪ್ಪ ಸೊಸೈಟೀಲಿ ಸಾಲ ಕೇಳೋಕೆ ಹೊರಟಿದ್ದರು.

ನಾನು ಹಬ್ಬಕ್ಕೆ ಊರಿಗೆ ಹೋದಾಗ ಕೇಳಿದ್ದು ಒಂದೇ ಪ್ರಶ್ನೆ: "ದಿನಾ ಹಿಂಗಾಗುತ್ತಾ ಚಿಕ್ಕಪ್ಪಾ?"

"ಇಲ್ಲ ಕಣೋ, ರಾತ್ರಿಯೆಲ್ಲ ಕರೆಂಟ್ ಇಲ್ಲಾಂದ್ರೆ ಮಾತ್ರ."

ಇಡೀ ಉತ್ತರ ಅದರಲ್ಲೇ ಇದೆ ಕಣ್ರೀ. ಕಂಪ್ಯೂಟರ್ ಶಟ್‌ಡೌನ್ ಮಾಡಿದ್ರೂ ಪ್ಲಗ್‌ನಲ್ಲಿ ಕರೆಂಟ್ ಇರೋವರೆಗೆ ಎಸ್‌ಎಂಪಿಎಸ್ ಪೂರ್ತಿ ಮಲಗಲ್ಲ. ನೇರಳೆ ಬಣ್ಣದ ವೈರಿನಲ್ಲಿ 5 ವೋಲ್ಟ್ ಸ್ಟ್ಯಾಂಡ್‌ಬೈ ಕೊಡ್ತಾನೇ ಇರುತ್ತೆ. ಆ 5 ವೋಲ್ಟ್ ಇಂದಲೇ ಬೋರ್ಡು ನೀವು ಬಟನ್ ಒತ್ತೋದನ್ನ ಕಾಯ್ತಾ ಕೂತಿರುತ್ತೆ. ಒತ್ತಿದ ಕೂಡಲೇ ಹಸಿರು ವೈರನ್ನ ಗ್ರೌಂಡಿಗೆ ಎಳೆಯುತ್ತೆ, ಆಗ 12, 5, 3.3 ವೋಲ್ಟ್ ಎಲ್ಲ ಏಳುತ್ತವೆ. ಅವು ಸ್ಥಿರವಾದ ಮೇಲೆ 100ರಿಂದ 500 ಮಿಲಿಸೆಕೆಂಡಿನೊಳಗೆ ಬೂದು ವೈರಿನಲ್ಲಿ 'ಪವರ್ ಗುಡ್' ಸಂಕೇತ ಬರಬೇಕು. ಬರೋವರೆಗೂ ಬೋರ್ಡು ಪ್ರೊಸೆಸರನ್ನ ರಿಸೆಟ್‌ನಲ್ಲೇ ಹಿಡಿದಿಟ್ಟಿರುತ್ತೆ. ಹಾಗಾಗಿ "ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಬರಲ್ಲ, ಅಂದ್ರೆ ಬೋರ್ಡೇ" ಅನ್ನೋ ತೀರ್ಪು ಅರ್ಧಂಬರ್ಧ ತನಿಖೆ ಮಾಡಿ ಬರೆದ ಚಾರ್ಜ್‌ಶೀಟ್ ಇದ್ದ ಹಾಗೆ. (ಈಗ ಎಲ್ಲ ವೈರೂ ಕಪ್ಪಾಗಿರೋ ಎಸ್‌ಎಂಪಿಎಸ್‌ಗಳೂ ಬರ್ತಿವೆ. ಆಗ ಪಿನ್ ಎಣಿಸಬೇಕು: 24 ಪಿನ್ನಿನ ಕನೆಕ್ಟರಿನಲ್ಲಿ 8 ಪವರ್ ಗುಡ್, 9 ಸ್ಟ್ಯಾಂಡ್‌ಬೈ, 16 ಆನ್.)

ಕನೆಕ್ಟರ್ ಬೋರ್ಡಿನಲ್ಲಿ ಇದ್ದ ಹಾಗೇ ಹಿಂದಿನಿಂದ ಮೀಟರ್ ಕಡ್ಡಿ ತೂರಿಸಿ ನೇರಳೆ ವೈರ್ ಅಳೆದೆ. 4.1 ವೋಲ್ಟ್. ಎಟಿಎಕ್ಸ್ ನಿಯಮದ ಪ್ರಕಾರ ಶೇ. 5ಕ್ಕಿಂತ ಹೆಚ್ಚು ಏರುಪೇರು ಆಗಬಾರದು, ಅಂದರೆ 4.75ರ ಕೆಳಗೆ ಇಳಿಯೋ ಹಾಗಿಲ್ಲ. ಬೋರ್ಡೇ ಜಾಸ್ತಿ ಎಳೀತಿದ್ದರೆ? ಪಕ್ಕದ ಮನೆ ಹುಡುಗನ ಕಂಪ್ಯೂಟರಿಂದ ಒಂದು ಎಸ್‌ಎಂಪಿಎಸ್ ತಂದು ಸಿಕ್ಕಿಸಿದೆ. ಅದೇ ಬೋರ್ಡಿನಲ್ಲಿ 5.05, ಬಟನ್ ಒತ್ತಿದ ಕೂಡಲೇ ಆನ್. ಹನ್ನೊಂದು ಸಾವಿರದ "ಸತ್ತ" ಬೋರ್ಡು ಆರಾಮಾಗಿ ಬದುಕಿತ್ತು.

ಕಾರಣ ಬಹಳ ಹಳೇದು. ಸ್ಟ್ಯಾಂಡ್‌ಬೈ ಭಾಗದ ಸಣ್ಣ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಒಳಗಿನ ದ್ರವ ಒಣಗುತ್ತೆ. ತಣ್ಣಗಿದ್ದಾಗ ಅವುಗಳ ಒಳರೋಧ ತೀರಾ ಜಾಸ್ತಿ, ಬಿಸಿಯಾದ ಮೇಲೆ ಒಂದಿಷ್ಟು ಇಳಿಯುತ್ತೆ. ಕರೆಂಟ್ ಇದ್ದ ರಾತ್ರಿ ಅವು ಬೆಚ್ಚಗಿರುತ್ತವೆ, ಬೆಳಗ್ಗೆ ತೊಂದರೆ ಇಲ್ಲ. ಕರೆಂಟ್ ಹೋದ ರಾತ್ರಿ ತಣ್ಣಗಾಗ್ತವೆ.

ಹಾಗಾದ್ರೆ ಅಂಗಡಿಯವರಿಗೆ ಬೋರ್ಡ್ ಮೇಲೆ ಯಾಕೆ ಅನುಮಾನ ಬಂತು? ಅವರು ಆ ಪ್ರಸಿದ್ಧ ಪೇಪರ್ ಕ್ಲಿಪ್ ಪರೀಕ್ಷೆ ಮಾಡಿದ್ರಂತೆ. ಹಸಿರು ವೈರಿಗೂ ಕಪ್ಪು ವೈರಿಗೂ ಕ್ಲಿಪ್ ಸಿಕ್ಕಿಸೋದು, ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಪಾಸ್. ಯೂಟ್ಯೂಬ್ ತುಂಬ ಇದೇ. ಆದರೆ ಅಲ್ಲಿ ಲೋಡೇ ಇಲ್ಲವಲ್ಲ! ಖಾಲಿ ಗಾಡಿ ಎಳೆದ ಎತ್ತು ಕಬ್ಬಿನ ಗಾಡಿಯನ್ನೂ ಎಳೆಯುತ್ತೆ ಅಂತ ಸಂತೇಲಿ ಯಾರಾದ್ರೂ ನಂಬ್ತಾರಾ? ಆ ಪರೀಕ್ಷೆಯಲ್ಲಿ ಫೇಲಾದ ಎಸ್‌ಎಂಪಿಎಸ್ ಕೆಟ್ಟಿದೆ ಅನ್ನಬಹುದು. ಪಾಸಾದದ್ದು ಚೆನ್ನಾಗಿದೆ ಅನ್ನೋಕೆ ಬರಲ್ಲ.

ಇನ್ನೊಂದು ರೆಡಿಮೇಡ್ ಉತ್ತರ, "ನಿಮ್ಮ ಹಳ್ಳಿ ವೋಲ್ಟೇಜ್ ಸರಿ ಇಲ್ಲ". ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾದಾಗ ಬಲ್ಬ್ ಮಂಕಾಗೋದು ನಿಜ, ಅಲ್ಲಗಳೆಯಲ್ಲ. ಆದರೆ ಒಳ್ಳೆ ಎಸ್‌ಎಂಪಿಎಸ್ ಕರೆಂಟ್ ಪೂರ್ತಿ ಹೋದರೂ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳುತ್ತೆ. ಇನ್ವರ್ಟರೋ ಯುಪಿಎಸ್ಸೋ ಬದಲಾಗೋ ಹೊತ್ತಲ್ಲಿ ಕಂಪ್ಯೂಟರನ್ನ ಉಳಿಸೋದು ಅದೇ. ಆರುನೂರು ರೂಪಾಯಿಗೆ "450 ವ್ಯಾಟ್" ಅಂತ ಸ್ಟಿಕ್ಕರ್ ಅಂಟಿಸಿ ಮಾರ್ತಾರಲ್ಲ, ಕೈಯಲ್ಲಿ ಹಿಡಿದರೆ ಹತ್ತಿಯಷ್ಟು ಹಗುರ, ಅದರೊಳಗಿನ ಪುಟಾಣಿ ಕೆಪಾಸಿಟರ್‌ನಿಂದ ಅದನ್ನ ನಿರೀಕ್ಷಿಸೋದು ಹೇಗೆ? ಮಾರಿದವರು ನೀವು, ಬೈಯೋದು ಊರಿನ ಲೈನನ್ನ.

ರಿಪೇರಿ ಮಾಡಿದ್ದು ಯಾರು ಗೊತ್ತಾ? ಹೊನ್ನಾಳಿಯ ಒಬ್ಬ ಹಳೇ ಟಿವಿ ಮೆಕ್ಯಾನಿಕ್. ಮೊದಲು ದೊಡ್ಡ ಕೆಪಾಸಿಟರನ್ನ ಡಿಸ್‌ಚಾರ್ಜ್ ಮಾಡಿದ್ರು (ಅದರಲ್ಲಿ 325 ವೋಲ್ಟ್ ಡಿಸಿ ಇರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಗೊತ್ತಿಲ್ಲದವರು ದಯವಿಟ್ಟು ಡಬ್ಬಿ ಬಿಚ್ಚಬೇಡಿ). ಎರಡು ಕೆಪಾಸಿಟರ್ ಬದಲಾಯಿಸಿದ್ರು. ಕೂಲಿ ಸೇರಿ ನೂರಿಪ್ಪತ್ತು ರೂಪಾಯಿ. ಅವರು ಪಾಲಿಟೆಕ್ನಿಕ್ ಮೆಟ್ಟಿಲೂ ಹತ್ತಿದವರಲ್ಲ. ನಾವು ನಾಲ್ಕು ವರ್ಷ ಬಿಇ ಓದಿ, ಸ್ವಿಚಿಂಗ್ ರೆಗ್ಯುಲೇಟರ್ ಬ್ಲಾಕ್ ಡಯಾಗ್ರಾಂ ಬರೆದು ಹತ್ತಕ್ಕೆ ಹತ್ತು ತಗೊಂಡ್ವಿ. ನಮ್ಮ ಕ್ಲಾಸಿನಲ್ಲಿ ಒಂದಾದರೂ ಎಸ್‌ಎಂಪಿಎಸ್ ಒಳಗಡೆ ನೋಡಿದವರು ಎಷ್ಟು ಜನ? ಇಂಥ ಮೆಕ್ಯಾನಿಕ್‌ಗಳು ಈಗ ಎಲ್‌ಇಡಿ ಟಿವಿ ಬಂದು ಕೆಲಸ ಇಲ್ಲದೆ ಮೊಬೈಲ್ ಕವರ್ ಮಾರ್ತಿದ್ದಾರೆ.

2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡಿತು. ಮೊಬೈಲು, ಫ್ರಿಜ್ಜು, ಕಾರು, ಟ್ರಾಕ್ಟರ್ ಕಂಪನಿಗಳಿಗೆ ಸರಿ. ಸಂತೆಯಲ್ಲಿ ತರಕಾರಿ ಆರಿಸಿದ ಹಾಗೆ ಒಂದೊಂದು ಭಾಗ ತಂದು ಜೋಡಿಸಿದ ಅಸೆಂಬಲ್ಡ್ ಕಂಪ್ಯೂಟರಿಗೆ ಯಾವ ಕಂಪನಿ? ಅದಕ್ಕೆ ಇರೋದು ಈ ಅಂಗಡಿಯವನೊಬ್ಬನೇ.

ಅಂಗಡಿಯವರೊಬ್ಬರನ್ನೇ ಬೈದರೆ ಅನ್ಯಾಯ ಬಿಡಿ. "ಬರೀ ನೋಡೋದಕ್ಕೂ ದುಡ್ಡಾ?" ಅಂತ ಜಗಳಕ್ಕೆ ಬೀಳೋ ಗಿರಾಕಿಗಳು ನಾವೇ. ಒಂದು ಗಂಟೆ ಕೂತು ಅಳೆದರೆ ಆತನಿಗೆ ಏನೂ ಸಿಗಲ್ಲ, ಬೋರ್ಡ್ ಮಾರಿದರೆ ಮಾರ್ಜಿನ್ ಸಿಗುತ್ತೆ. ಅದಕ್ಕೇ ಹೇಳ್ತೀನಿ, ಪರೀಕ್ಷೆಗೆ ಅಂತಲೇ ಇನ್ನೂರು ರೂಪಾಯಿ ತಗೊಳ್ಳಿ, ಗಿರಾಕಿಗಳೇ ನೀವೂ ಕೊಡಿ. ಆದರೆ ಬಿಲ್ಲಿನಲ್ಲಿ "ಬೋರ್ಡ್ ಹೋಗಿದೆ" ಅಂತಷ್ಟೇ ಸಾಲದು. ಸ್ಟ್ಯಾಂಡ್‌ಬೈ ಎಷ್ಟು, 12 ವೋಲ್ಟ್ ಎಷ್ಟು, ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿದ್ರಾ ಇಲ್ವಾ, ಬರೆದು ಸಹಿ ಹಾಕಿ ಕೊಡಿ. ಬದಲಾಯಿಸಿದ ಹಳೇ ಸಾಮಾನನ್ನೂ ಕವರಿಗೆ ಹಾಕಿ ವಾಪಸ್ ಕೊಡಿ.